ಸತ್ಯ ಹೇಳಿದರೆ ಎಷ್ಟು ಹೋಟೆಲ್ ಸಿಗುತ್ತದೆ?

ಶನಿವಾರ ರಾತ್ರಿ ಡೊಂಬಿವಲಿಯ ಒಂದು ಶನಿಪೂಜೆಗೆ ಹೋಗಿ ಬಂದವಳು ಇನ್ನೂ ಉರಿಯುತ್ತಿದ್ದೇನೆ. ಪೂಜೆಯ ಬಗ್ಗೆ ತಕರಾರಿಲ್ಲ. ಪಾರಾಯಣ ಚೆನ್ನಾಗಿತ್ತು, ಅರ್ಥ ಹೇಳಿದವರಂತೂ ಸಭೆಯನ್ನು ಹಿಡಿದು ಕೂರಿಸಿದರು, ಪಾಯಸಕ್ಕೂ ಬೆಲ್ಲ ಸರಿಯಾಗಿತ್ತು. ತಕರಾರು ನಡುವೆ ನಡೆದ ಸನ್ಮಾನದ್ದು. ಮುಂಬಯಿಯಲ್ಲಿ ನಮ್ಮವರ ಕಾರ್ಯಕ್ರಮ ಅಂದ ಮೇಲೆ ಸನ್ಮಾನ ಇರಲೇಬೇಕಲ್ಲ. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, "ಖ್ಯಾತ ಉದ್ಯಮಿ, ಕೊಡುಗೈ ದಾನಿ" ಅಂತ ಒಂದಿಷ್ಟು ಬಿರುದು. ಆಮೇಲೆ ಮೈಕು ಸನ್ಮಾನ ಮಾಡಿಸಿಕೊಂಡ ಹೋಟೆಲ್ ಧನಿಯ ಕೈಗೆ.

ಬರಿಗೈಯಲ್ಲಿ ಊರು ಬಿಟ್ಟು ಬಂದರಂತೆ. ಲೋಟ ತೊಳೆದರಂತೆ. ಎಷ್ಟೇ ಕಷ್ಟ ಬಂದರೂ ಸತ್ಯ ಬಿಡಲಿಲ್ಲವಂತೆ, ಅದಕ್ಕೇ ದೇವರು ಇಷ್ಟು ಹೋಟೆಲ್ ಕೊಟ್ಟನಂತೆ, ಮಗನನ್ನು ಅಮೆರಿಕಕ್ಕೆ ಕಳಿಸಿದನಂತೆ. ಜೋರು ಚಪ್ಪಾಳೆ.

ಲೋಟ ತೊಳೆದದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ನಮ್ಮ ಊರಿನ ಅರ್ಧ ಗಂಡಸರು ಇಲ್ಲಿ ಲೋಟ ತೊಳೆದೇ ಮೇಲೆ ಬಂದವರು. ನನಗೆ ಚುಚ್ಚಿದ್ದು ಆ "ಅದಕ್ಕೇ". ಸತ್ಯ ಬಿಡಲಿಲ್ಲ, ಅದಕ್ಕೇ ಹೋಟೆಲ್. ಹಾಗಾದರೆ ಹೋಟೆಲ್ ಸಿಗದವರೆಲ್ಲ ಏನು ಮಾಡಿದ್ದರು ಮಾರಾಯ್ರೆ? ಸುಳ್ಳು ಹೇಳಿದ್ದರಾ?

ಇದನ್ನು ನಾನು ಸುಮ್ನೆ ಕೇಳುತ್ತಿಲ್ಲ. ಪಕ್ಕದ ಕುರ್ಚಿಯ ಅಕ್ಕ ಅದೇ ಹೊತ್ತಿಗೆ ನನ್ನ ಕಡೆ ಬಗ್ಗಿ, "ನಿಮ್ಮೆಜಮಾನರಿಗೆ ಇನ್ನೂ ಕೆಲಸ ಆಗಲಿಲ್ವಾ? ಜಾತಕ ತೋರಿಸಿದ್ರಾ? ಏನಾದರೂ ದೋಷ ಇರಬೇಕು" ಅಂದರು. ದೋಷ ಇದೆ ಅಕ್ಕ. ಅದು ಜಾತಕದಲ್ಲಿಲ್ಲ.

ನಮ್ಮನೆ ಕಥೆ ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಹೋಟೆಲ್ ಲೈನಿನ ಹೊರಗಿನವರಿಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ರಾತ್ರಿ ಶಟರ್ ಅರ್ಧ ಇಳಿದ ಮೇಲೆ ಕೆಲವು ಕಡೆ ಗಲ್ಲಾದಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ಕಂಪ್ಯೂಟರಿನಲ್ಲಿ ಆ ದಿನದ ಬಿಲ್ಲುಗಳನ್ನು ತೆಗೆದು ನೋಡುವುದು. ಯುಪಿಐ, ಕಾರ್ಡಿನಲ್ಲಿ ಬಂದ ದುಡ್ಡು ಬ್ಯಾಂಕಿಗೆ ಗೊತ್ತಾಗಿರುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ. ಕ್ಯಾಶ್ ಬಿಲ್ಲುಗಳಲ್ಲಿ ಒಂದಿಷ್ಟನ್ನು ಆರಿಸಿ ಡಿಲೀಟ್ ಮಾಡಿ ನಂಬರ್ ಸರಿ ಮಾಡಿಬಿಟ್ಟರೆ ಆ ಇಡ್ಲಿಯನ್ನು ಯಾರೂ ತಿಂದೇ ಇಲ್ಲ! ಗಿರಾಕಿ ಅದರ ಮೇಲೆ ಕೊಟ್ಟ 5 ಪರ್ಸೆಂಟ್ ಜಿಎಸ್‌ಟಿ ಸರಕಾರಕ್ಕೂ ಹೋಗುವುದಿಲ್ಲ, ಗಿರಾಕಿಗೂ ವಾಪಸ್ ಬರುವುದಿಲ್ಲ. ಎಲ್ಲರೂ ಹೀಗೆ ಮಾಡುತ್ತಾರೆ ಅಂತಲ್ಲ. ನಮ್ಮೆಜಮಾನರು ಇದ್ದ ಕಡೆ ಮಾಡಲು ಹೇಳಿದರು. "ಇದು ನನ್ನ ಕೈಯಿಂದ ಆಗುವುದಿಲ್ಲ ಧನಿ" ಅಂದರು ಇವರು. ಜಗಳ ಇಲ್ಲ, ಭಾಷಣ ಇಲ್ಲ. ತಿಂಗಳು ಮುಗಿಯುವ ಮೊದಲೇ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಆಮೇಲೆ ಎಲ್ಲಿ ಕೆಲಸ ಕೇಳಿದರೂ ಇವರಿಗಿಂತ ಮುಂಚೆ ಇವರ ಸುದ್ದಿ ಅಲ್ಲಿ ಮುಟ್ಟಿರುತ್ತದೆ. "ಜನ ಒಳ್ಳೆಯವನೇ, ಆದರೆ ಸ್ವಲ್ಪ ಜಾಸ್ತಿ ಸತ್ಯವಂತ." ಈಗ ಮದುವೆ ಸೀಸನ್ನಿನಲ್ಲಿ ಕೇಟರಿಂಗಿನವರ ಜೊತೆ ಹೋಗುತ್ತಾರೆ. ಸೀಸನ್ ಇಲ್ಲದಾಗ ಮನೆಯಲ್ಲಿರುತ್ತಾರೆ. ಮಗಳ ಕಾಲೇಜು ಫೀಸಿಗೆ ನನ್ನ ಟ್ಯೂಷನ್ ದುಡ್ಡು.

ತಮಾಷೆ ನೋಡಿ, ಅವತ್ತು ಓದಿದ್ದು ವಿಕ್ರಮರಾಜನ ಕಥೆ. ಶನಿಪೂಜೆ ಅಂದರೆ ಅದೇ ಅಲ್ವಾ. ಉಜ್ಜಯಿನಿಯ ರಾಜ. ಏಳೂವರೆ ವರ್ಷದ ಶನಿಕಾಟ. ಕುದುರೆ ಹತ್ತಿದ್ದೇ ನೆಪ, ರಾಜ್ಯ ಹೋಯಿತು. ಯಾರದೋ ಮನೆಯ ಗೋಡೆಯಲ್ಲಿದ್ದ ಚಿತ್ರದ ಹಕ್ಕಿ ಹಾರ ನುಂಗಿತು, ಕಳ್ಳ ಅನ್ನುವ ಹೆಸರು ಇವನಿಗೆ ಬಂತು. "ಗೋಡೆಯ ಹಕ್ಕಿ ನುಂಗಿತು" ಅಂದರೆ ಯಾರು ನಂಬುತ್ತಾರೆ? ಕೈಕಾಲು ಕಡಿಸಿದರು. ಕೊನೆಗೆ ಒಬ್ಬ ಗಾಣದವನು ಕರೆದುಕೊಂಡು ಹೋಗಿ ಗಾಣದ ಮೇಲೆ ಕೂರಿಸಿ ಅನ್ನ ಹಾಕಿದ. ಕೊನೆಯಲ್ಲಿ ಶನಿ ಒಲಿದು ಕೈಕಾಲು, ರಾಜ್ಯ ಎಲ್ಲ ವಾಪಸ್ ಕೊಡುತ್ತಾನೆ, ನಿಜ. ನಮ್ಮವರಿಗೆ ನೆನಪಿರುವುದು ಅದೊಂದೇ. ಆದರೆ ಅಲ್ಲೇ ಇನ್ನೊಂದು ಮಾತಿದೆ. ವರ ಕೇಳು ಅಂದಾಗ ವಿಕ್ರಮ ಕೇಳುವುದೇನು? ನನಗೆ ಕೊಟ್ಟ ಹಾಗೆ ಬೇರೆ ಯಾರಿಗೂ ಕಷ್ಟ ಕೊಡಬೇಡ ಅಂತ.

ಇದನ್ನು ಅರ್ಥ ಹೇಳಿದವರು ಅಷ್ಟು ಚೆನ್ನಾಗಿ ಹೇಳಿದರು, ಮುಂದಿನ ಸಾಲಿನಲ್ಲಿ ಕುಳಿತವರು ಶಾಲು ಸರಿಮಾಡಿಕೊಳ್ಳುತ್ತಾ ತಲೆಯಾಡಿಸಿದರು. ಲೋಟ ತೊಳೆದ ನೆನಪು ನಿಜವಾಗಿಯೂ ಇದ್ದರೆ, ಇವತ್ತು ನಿಮ್ಮ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಿಗೆ ವಾರಕ್ಕೊಂದು ರಜೆಯಾದರೂ ಕೊಡಬೇಕಲ್ಲ? ಬೇಡ ಬಿಡಿ, ಅವರ ವಿಷಯ ನನಗೆ ಗೊತ್ತಿಲ್ಲ. ಕೊಡುತ್ತಿರಲೂಬಹುದು.

ನನ್ನಪ್ಪನ ಕಥೆ ಯಾವ ವೇದಿಕೆಗೂ ಆಗಿಬರುವುದಿಲ್ಲ. ಮುಂಬಯಿಯ ಲಾಲ್‌ಬಾಗಿನಲ್ಲಿ ಬೇರೆಯವರ ಲೈಸೆನ್ಸಿನ ಮೇಲೆ ಒಂದು ಸಣ್ಣ ಹೋಟೆಲನ್ನು ಕಂಡಕ್ಟಿಂಗಿಗೆ, ಅಂದರೆ ಧನಿಗೆ ದುಡ್ಡು ಕೊಟ್ಟು ತಾವೇ ನಡೆಸಲು, ಹಿಡಿದಿದ್ದರು. ಗಿರಾಕಿಗಳೆಲ್ಲ ಬಟ್ಟೆ ಮಿಲ್ಲಿನ ಕೆಲಸಗಾರರು, ತಿಂಗಳ ಖಾತೆ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತಲ್ಲ, ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಮುಷ್ಕರ ಮುಗಿಯಿತು ಅಂತ ಯಾರೂ ಇವತ್ತಿಗೂ ಹೇಳಿಲ್ಲ, ಮಿಲ್ಲುಗಳೇ ಮುಗಿದವು. ಅಪ್ಪನ ಖಾತೆ ಪುಸ್ತಕದಲ್ಲಿ ಬರಬೇಕಾದ ಬಾಕಿ ಹಾಗೇ ಉಳಿಯಿತು. ತಾನು ಕೊಡಬೇಕಾದದ್ದನ್ನು ಮಾತ್ರ, ಹಾಲಿನವನದ್ದು, ಅಕ್ಕಿಯವನದ್ದು, ಹುಡುಗರ ಸಂಬಳ, ಅಮ್ಮನ ಬಳೆ ಮಾರಿ ತೀರಿಸಿ ಹೋಟೆಲ್ ಬಿಟ್ಟರು. ಆಮೇಲೆ ಇನ್ನೊಬ್ಬರ ಹೋಟೆಲಿನ ಗಲ್ಲಾದಲ್ಲಿ ಕುಳಿತರು. ಸಾಯುವವರೆಗೂ ಅಲ್ಲೇ. ದೇವರು ಬಳೆ ವಾಪಸ್ ಕೊಡಲಿಲ್ಲ. ಸತ್ಯವಾಗಿಯೂ ಕೊಡಲಿಲ್ಲ.

ಆದರೂ ಅಪ್ಪ ದಿನಾ ಬೆಳಿಗ್ಗೆ ಗಲ್ಲಾಕ್ಕೆ ಊದುಬತ್ತಿ ಹಚ್ಚುವಾಗ ತುಟಿ ಅಲ್ಲಾಡಿಸುತ್ತಿದ್ದರು. ಏನು ಕೇಳ್ತೀರಿ ಅಪ್ಪ ಅಂತ ಒಮ್ಮೆ ಕೇಳಿದ್ದೆ. "ಏನಿಲ್ಲ ಮಗ, ಇವತ್ತು ಕೈ ನೆಟ್ಟಗಿರಲಿ ಅಂತ." ಅಷ್ಟೇ. ವ್ಯಾಪಾರ ಆಗಲಿ ಅಂತಲೂ ಕೇಳುತ್ತಿರಲಿಲ್ಲ. ದೇವರು ದಾರಿ ತೋರಿಸುತ್ತಾನೆ ಅನ್ನುವುದನ್ನು ನಾನು ನಂಬುವುದು ಇಷ್ಟರ ಮಟ್ಟಿಗೆ. ಆ ರಾತ್ರಿ ಇವರ ಬೆರಳು ಡಿಲೀಟ್ ಬಟನ್ ಮೇಲೆ ಹೋಗಲಿಲ್ಲವಲ್ಲ, ತೋರಿಸಬೇಕಾದ ದಾರಿಯನ್ನು ಅಲ್ಲೇ ತೋರಿಸಿ ಆಯಿತು. ಆ ದಾರಿಯ ಕೊನೆಯಲ್ಲಿ ಫ್ಲ್ಯಾಟ್ ಇರಬೇಕು ಅನ್ನುವವರು ದೇವರನ್ನು ಎಸ್ಟೇಟ್ ಏಜೆಂಟ್ ಮಾಡಿಕೊಂಡಿದ್ದಾರೆ.

ಇದನ್ನೆಲ್ಲ ಒಬ್ಬ ಸ್ನೇಹಿತೆಗೆ ಫೋನಿನಲ್ಲಿ ಹೇಳಿದರೆ ಅವಳು, "ಕಷ್ಟದಲ್ಲಿರುವವರಿಗೆ ಅಂಥ ಮಾತು ಕೇಳಿದರೆ ಧೈರ್ಯ ಬರುತ್ತದೆ ಕಣೇ, ನೀನ್ಯಾಕೆ ಉರ್ಕೊಳ್ತೀಯ" ಅಂದಳು. ಬರುತ್ತದೇನೋ. ಕಷ್ಟದಲ್ಲಿರುವವರು ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿದ್ದರು, ನನ್ನ ಜೊತೆ. ನಮಗೆ ಬಂದದ್ದು ಧೈರ್ಯ ಅಲ್ಲ, ಎಲ್ಲೋ ನಮ್ಮದೇ ತಪ್ಪಿರಬೇಕು ಅನ್ನುವ ಸಂಶಯ. ಬರಿಹೊಟ್ಟೆಯವನಿಗೆ ಧೈರ್ಯದ ಜೊತೆ ಸಂಶಯವನ್ನೂ ಬಡಿಸಿ ಕಳಿಸುವುದು ಯಾವ ಸೇವೆ?

ನಾನೇನೂ ಶಾಂತವಾಗಿ ಇದ್ದುಬಿಟ್ಟವಳಲ್ಲ. ಮುಲುಂಡಿನಿಂದ ಟ್ಯೂಷನ್ ಮುಗಿಸಿ ಸ್ಲೋ ಲೋಕಲಿನಲ್ಲಿ ನಿಂತುಕೊಂಡು ಬರುವಾಗ ದೇವರ ಜೊತೆ ಜಗಳ ಆಡುತ್ತೇನೆ. ಇವರಿಗೆ ಇನ್ನೊಂದೇ ಒಂದು ಕೆಲಸ ಕೊಡಿಸಲು ನಿನಗೇನು ಕಷ್ಟ ಅಂತ. ಉತ್ತರ ಬಂದಿಲ್ಲ. ಮನೆಗೆ ಬಂದು ದೀಪ ಮಾತ್ರ ಹಚ್ಚುತ್ತೇನೆ. ಯಾಕೆ ಅಂತ ಕೇಳಬೇಡಿ, ಬಿಡಲು ಆಗುವುದಿಲ್ಲ. ಇವರಿಗೆ ಈ ಜಗಳವೂ ಇಲ್ಲ, ದಿಂಬಿಗೆ ತಲೆ ಇಟ್ಟರೆ ಗೊರಕೆ. ಅದನ್ನು ಕಂಡರೆ ಒಮ್ಮೊಮ್ಮೆ ಇನ್ನೂ ಸಿಟ್ಟು ಬರುತ್ತದೆ ನನಗೆ!

ಸಮಿತಿಯವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಗೊತ್ತು, ಮಾಡಿಕೊಳ್ಳಲಿ. ಮುಂದಿನ ವರ್ಷ ಸನ್ಮಾನದ ಪಟ್ಟಿ ಮಾಡುವಾಗ ಗಾಣದವನ ಥರದ ಯಾರಾದರೂ ಸಿಗುತ್ತಾರಾ ನೋಡಿ. ಕಡೆಯ ಪಕ್ಷ ಮೈಕಿನಲ್ಲಿ "ಅದಕ್ಕೇ" ಅನ್ನಬೇಡಿ ಅಂತ ಮೊದಲೇ ಹೇಳಿಬಿಡಿ. "ದೇವರು ನೋಡಿಕೊಳ್ತಾನೆ" ಅಂತ ನನಗೆ ಕಮೆಂಟ್ ಹಾಕುವವರು ದಯವಿಟ್ಟು ಹಾಕಬೇಡಿ, ಅದನ್ನು ನಾನೇ ನನಗೆ ದಿನಾ ಹೇಳಿಕೊಳ್ಳುತ್ತೇನೆ. ಠಾಣೆ, ಕಲ್ಯಾಣ ಕಡೆ ಯಾರ ಹೋಟೆಲಿಗಾದರೂ ಗಲ್ಲಾಕ್ಕೆ ಜನ ಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಮೂವತ್ತು ವರ್ಷದ ಅನುಭವ, ಕನ್ನಡ, ತುಳು, ಮರಾಠಿ, ಹಿಂದಿ ಎಲ್ಲ ಬರುತ್ತದೆ, ಬೆಳಿಗ್ಗೆ ಐದಕ್ಕೆ ಬರಲು ತಯಾರು. ಬಿಲ್ ಡಿಲೀಟ್ ಮಾಡುವುದಿಲ್ಲ, ಅದೊಂದನ್ನು ಮೊದಲೇ ಹೇಳಿದ್ದೇನೆ, ಆಮೇಲೆ ಮಾತು ಬರುವುದು ಬೇಡ.