70 ಕೆ.ಜಿ. ತೂಕ, ಎರಡು ಲೀಟರ್ ನೀರು: ಈ ಲೆಕ್ಕ ಯಾರದ್ದು?

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕತೆ ರಾಜ್ಯದ ಎಲ್ಲರಿಗೂ ಗೊತ್ತಿರಬೇಕಿತ್ತು. ಅಲ್ಲಿನ ಬೋರ್‌ವೆಲ್ ನೀರಲ್ಲಿ ಆರ್ಸೆನಿಕ್ ಅನ್ನುವ, ಲೋಹದಂಥ ವಿಷವಸ್ತು ಇತ್ತು. ವರ್ಷಗಟ್ಟಲೆ ಅದನ್ನೇ ಕುಡಿದವರ ಅಂಗೈ, ಅಂಗಾಲು ದಪ್ಪಗಟ್ಟಿ ಗಂಟುಗಂಟಾದವು, ಮೈಮೇಲೆ ಕಪ್ಪು ಚುಕ್ಕೆಗಳೆದ್ದವು, ಚರ್ಮದ ಕ್ಯಾನ್ಸರ್ ಕೂಡ ಕಾಣಿಸಿಕೊಂಡಿತು. ಸುತ್ತಮುತ್ತ ಚಿನ್ನದ ಅದಿರಿರುವ ನೆಲ ಅದು. ಚಿನ್ನ ಇರುವ ಕಲ್ಲಲ್ಲಿ ಎಷ್ಟೋ ಕಡೆ ಆರ್ಸೆನೊಪೈರೈಟ್ ಅನ್ನುವ ಖನಿಜವೂ ಇರುತ್ತದೆ, ಅದರಿಂದ ವಿಷ ನಿಧಾನವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ವ್ಯತ್ಯಾಸವಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಇಂಥ ನೀರಿನಿಂದ ಎಷ್ಟು ಅಪಾಯ ಅಂತ ಅಳೆಯುವ ಲೆಕ್ಕವೇನೋ ಸರಳ. ನೀರಲ್ಲಿರುವ ಲೋಹದ ಪ್ರಮಾಣವನ್ನು ದಿನಕ್ಕೆ ಕುಡಿಯುವ ಲೀಟರಿನಿಂದ ಗುಣಿಸಿ ಮೈತೂಕದಿಂದ ಭಾಗಿಸುತ್ತಾರೆ. ಬಂದದ್ದನ್ನು ಸುರಕ್ಷಿತ ಎನ್ನಲಾದ ದಿನದ ಮಿತಿಗೆ ಹೋಲಿಸುತ್ತಾರೆ. ಉತ್ತರ ಒಂದಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, ಜಾಸ್ತಿಯಾದರೆ ಎಚ್ಚರ ವಹಿಸಬೇಕು. ಒಂದು ದಾಟಿದ ತಕ್ಷಣ ರೋಗ ಬಂದೇ ಬರುತ್ತದೆ ಅಂತಲ್ಲ, ಆದರೆ ಭಯವಿಲ್ಲ ಅಂತ ಹೇಳುವ ಹಾಗೂ ಇಲ್ಲ.

ನನ್ನ ತಕರಾರು ಈ ಸೂತ್ರದ ಮೇಲಲ್ಲ, ಅದಕ್ಕೆ ತುಂಬುವ ಅಂಕಿಗಳ ಮೇಲೆ. ಬಹಳಷ್ಟು ವರದಿಗಳಲ್ಲಿ ಕೂತಿರುವವನು 70 ಕೆ.ಜಿ. ತೂಗುವ, ದಿನಕ್ಕೆ ಎರಡು ಲೀಟರ್ ನೀರು ಕುಡಿಯುವ ಮನುಷ್ಯ. ಆರ್ಸೆನಿಕ್‌ಗೆ ನಮ್ಮ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಮಾನದಂಡದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಸರಿಯಾಗಿ ಅಷ್ಟೇ ಇರುವ ನೀರನ್ನು ಈ ಮನುಷ್ಯ ಕುಡಿದರೆ, ಕೆ.ಜಿ. ತೂಕಕ್ಕೆ ದಿನಕ್ಕೆ 0.3 ಮೈಕ್ರೋಗ್ರಾಂ ಅನ್ನುವ ಬಹುಕಾಲದ ಅಳತೆಗೋಲಿನಲ್ಲಿ ಉತ್ತರ 0.95 ಬರುತ್ತದೆ. ಪಾಸ್!

ಈಗ ಅದೇ ನೀರನ್ನು ಏಪ್ರಿಲ್ ಬಿಸಿಲಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ 50 ಕೆ.ಜಿ. ತೂಕದ ಹೆಣ್ಣುಮಗಳಿಗೆ ಕೊಡಿ. ರಾಯಚೂರು, ಯಾದಗಿರಿ ಕಡೆಯ ಬಿಸಿಲಲ್ಲಿ ಮಣ್ಣು ಹೊರುವವರಿಗೆ ಐದು ಲೀಟರ್ ದೊಡ್ಡ ಮಾತಲ್ಲ. ಉತ್ತರ 3.3. ಹತ್ತು ಕೆ.ಜಿ. ತೂಕದ, ದಿನಕ್ಕೊಂದು ಲೀಟರ್ ಕುಡಿಯುವ ಕೂಸಿಗೂ ಅಷ್ಟೇ, 3.3. ಅನ್ನ, ಬೇಳೆ ಬೇಯಿಸಿದ ನೀರು ಇದರಲ್ಲಿ ಸೇರಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ 0.3ನ್ನು 0.06ಕ್ಕೆ ಇಳಿಸಿದೆ. ಹಾಗೆ ನೋಡಿದರೆ 70 ಕೆ.ಜಿ.ಯವನೂ ಫೇಲ್. 10 ಮೈಕ್ರೋಗ್ರಾಂ ಅನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ತಾತ್ಕಾಲಿಕ ಮಿತಿ ಅಂತ ಕರೆದಿದೆ. ಅದಕ್ಕಿಂತ ಕೆಳಕ್ಕೆ ಶುದ್ಧೀಕರಿಸುವುದು ಕಷ್ಟ ಅನ್ನುವ ಕಾರಣಕ್ಕೆ ನಿಂತಿರುವ ಅಂಕಿ ಅದು. ಸೀಸದ ವಿಷಯದಲ್ಲಂತೂ ಮಕ್ಕಳ ಮಿದುಳಿಗೆ ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಟ್ಟವೇ ಸಿಕ್ಕಿಲ್ಲ.

ಹಾಗಾಗಿ ಯಾರಾದರೂ ನೀರಿನ ರಿಪೋರ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ "ನಾರ್ಮಲ್ ಅದ ಅಲ್ರೀ ಸರ್?" ಅಂತ ಕೇಳಿದಾಗ ಒಂದೇ ಮಾತಲ್ಲಿ ಹೂಂ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆರ್ಸೆನಿಕ್ ಸಾಲಿನ ಮುಂದೆ ಎಷ್ಟೋ ಸಲ 'ಬಿಡಿಎಲ್' ಅಂತ ಇರುತ್ತದೆ, ಅಂದರೆ ಉಪಕರಣ ಗುರುತಿಸುವ ಮಟ್ಟಕ್ಕಿಂತ ಕಡಿಮೆ. ಆ ಮಟ್ಟ ಎಷ್ಟು ಅನ್ನುವುದನ್ನು ಬರೆದಿರುವುದಿಲ್ಲ. ಲ್ಯಾಬಿನ ಉಪಕರಣ 50 ಮೈಕ್ರೋಗ್ರಾಂಗಿಂತ ಕೆಳಗಿನದನ್ನು ಕಾಣಲಾರದು ಅಂದರೆ, ನೀರಲ್ಲಿ 40 ಇದ್ದರೂ ಕಾಗದದ ಮೇಲೆ ಬಿಡಿಎಲ್ಲೇ. ಸ್ಯಾಂಪಲ್ ಬಾಟಲಿಯ ಕತೆಯೂ ಹೀಗೇ. ಲೋಹ ಪರೀಕ್ಷೆಗೆ ತೆಗೆದ ನೀರಿಗೆ ನೈಟ್ರಿಕ್ ಆಮ್ಲದ ಕೆಲವು ಹನಿ ಹಾಕಿ ಇಡಬೇಕು. ಇಲ್ಲದಿದ್ದರೆ ಲೋಹದ ಒಂದಷ್ಟು ಭಾಗ ಬಾಟಲಿಯ ಗೋಡೆಗೇ ಅಂಟಿಕೊಂಡು ಲೆಕ್ಕ ಕಡಿಮೆ ಬರುತ್ತದೆ. ಹಳೇ ಮಿನರಲ್ ವಾಟರ್ ಬಾಟಲಿಯಲ್ಲಿ ತುಂಬಿ ಬಸ್ಸಿನಲ್ಲಿ ಕಳಿಸಿದ ಸ್ಯಾಂಪಲ್ ನಂಬಿ ಒಂದು ಊರಿನ ಆರೋಗ್ಯ ನಿರ್ಧರಿಸಬಾರದು.

ಇನ್ನೊಂದು, ನೀರಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್. ಕಿಸೆಯಿಂದ ಪೆನ್ನಿನ ಹಾಗಿನ ಮೀಟರ್ ತೆಗೆದು "180 ತೋರಸ್ತದ, ನೀರು ಛಲೋ ಅದ" ಅನ್ನುವವರು ಈಗ ಎಲ್ಲಾ ಕಡೆ ಇದ್ದಾರೆ. ಆ 180 ಅಂದರೆ ಲೀಟರಿಗೆ 180 ಮಿಲಿಗ್ರಾಂ ಲವಣ. ಆರ್ಸೆನಿಕ್ ಮಿತಿಯ ಹತ್ತು ಪಟ್ಟು ಇದ್ದರೂ ಅದು 0.1 ಮಿಲಿಗ್ರಾಂ ಮಾತ್ರ. ಮೀಟರಿಗೆ ಅದು ಕಾಣುವ ಮಾತೇ ಇಲ್ಲ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಫಿಲ್ಟರ್ ನೀರನ್ನೂ ಈ ಮೀಟರಿನಿಂದಲೇ ಅಳೆಯುತ್ತಾರೆ. ಆರ್‌ಓ ಮೆಂಬ್ರೇನ್, ಅಂದರೆ ಆ ಘಟಕದಲ್ಲಿ ನೀರು ಸೋಸುವ ಪೊರೆ, ಸರಿಯಿದ್ದಾಗ ಒಳ್ಳೇ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಆರ್ಸೆನಿಕ್‌ನ ಎರಡು ರೂಪಗಳಲ್ಲಿ ಒಂದನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಘಟಕದಿಂದ ಹೊರಬಿಟ್ಟ ಗಾಢ ನೀರು ಪಕ್ಕದ ಚರಂಡಿಯಲ್ಲೇ ಇಂಗಿದರೆ ತೆಗೆದ ವಿಷ ಮತ್ತೆ ಅದೇ ನೆಲಕ್ಕೆ ಹೋದಂತಾಯಿತು.

ಆರ್ಸೆನಿಕ್ ಒಂದೇ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಬೋರ್‌ವೆಲ್‌ಗಳಲ್ಲಿ ಯುರೇನಿಯಂ, ಜೊತೆಗೆ ಫ್ಲೋರೈಡ್. ಯುರೇನಿಯಂ ಹೊಡೆತ ಮುಖ್ಯವಾಗಿ ಮೂತ್ರಪಿಂಡಕ್ಕೆ, ಫ್ಲೋರೈಡ್ ಹೊಡೆತ ಮೂಳೆಗೆ. ಒಂದೊಂದನ್ನೇ ಬಿಡಿಬಿಡಿಯಾಗಿ ನೋಡಿ ಎರಡಕ್ಕೂ ಪಾಸ್ ಮಾರ್ಕು ಕೊಟ್ಟರೆ ಆಗದು, ಎರಡನ್ನೂ ಕುಡಿಯುವ ದೇಹ ಒಂದೇ.

ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ ಇಷ್ಟು. ರಿಪೋರ್ಟ್ ಕೈಗೆ ಬಂದಾಗ ಬಿಡಿಎಲ್ ಅಂದರೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿ. ಲೆಕ್ಕ ಹಾಕುವವರಿಗೆ ನಿಮ್ಮೂರ ಹೆಂಗಸರ, ಮಕ್ಕಳ ತೂಕ ಕೊಡಿ. ಅಂಗನವಾಡಿಯಲ್ಲಿ ಮಕ್ಕಳ ತೂಕ ಹೇಗೂ ಬರೆದಿಟ್ಟಿರುತ್ತಾರೆ. ಬಾಂಗ್ಲಾದೇಶದಲ್ಲಿ ಪರೀಕ್ಷೆ ಮಾಡಿದ ಕೊಳವೆಬಾವಿಗಳಿಗೆ ಕೆಂಪು, ಹಸಿರು ಬಣ್ಣ ಬಳಿದರು, ಓದು ಬರಹ ಬಾರದವರಿಗೂ ತಿಳಿಯುವಂತೆ. ಬಟ್ಟೆ ಒಗೆಯಲು ಕೆಂಪು ಪಂಪಿನ ನೀರು ನಡೆಯುತ್ತದೆ, ಅಡುಗೆಗೆ, ಕುಡಿಯಲು ಬೇಡ. ಒಂದು ಡಬ್ಬಿ ಬಣ್ಣಕ್ಕೆ ಯಾವ ಪಂಚಾಯಿತಿಯಲ್ಲೂ ದುಡ್ಡಿಗೆ ಕೊರತೆಯಿಲ್ಲ.