ಶಾಲಿಗೆ ಪುರುಸೊತ್ತು ಉಂಟು, ಸೌಂಡ್ ಚೆಕ್ಕಿಗೆ ಇಲ್ಲ

ಮಂಗಳೂರಿನ ಸಾಫ್ಟ್‌ವೇರ್ ಸಮ್ಮೇಳನಕ್ಕೆ ಓಪನ್ ಸೋರ್ಸ್ (ಯಾರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶ) ವಿಡಿಯೊ ಡೆವಲಪರ್ ಒಬ್ಬರನ್ನು ಕರೆಸುವುದಾದರೆ ಮೊದಲು ಶಾಲು ತರಿಸಿ. ಜೊತೆಗೆ ಹಾರ, ಪೇಟ, ಹಣ್ಣಿನ ಬುಟ್ಟಿ, ಎತ್ತಲು ಇಬ್ಬರು ಬೇಕಾಗುವಂಥ ಸ್ಮರಣಿಕೆ. ಪ್ರೊಜೆಕ್ಟರಿನ ಕೇಬಲ್ಲನ್ನು ಅತಿಥಿ ಮೈಕ್ ಹಿಡಿದ ಮೇಲೆ ಹುಡುಕಿದರಾಯಿತು. ಹಾಲ್‌ನದ್ದು ವಿಜಿಎ, ಅವರ ಲ್ಯಾಪ್‌ಟಾಪಿನಲ್ಲಿ ಬರೀ ಟೈಪ್-ಸಿ. ನಡುವಿನ ಅಡಾಪ್ಟರು “ಆಫೀಸಿನಲ್ಲಿ ಉಂಟು, ಕಪಾಟಿನ ಕೀ ಇರುವವರು ಚಾ ಕುಡಿಯಲು ಹೋಗಿದ್ದಾರೆ”.

ಲೈವ್ ಮಾತ್ರ ಬೇಕೇ ಬೇಕು. ಅಧ್ಯಕ್ಷರ ಭಾವ ದುಬೈಯಲ್ಲಿ ನೋಡಬೇಕಲ್ಲ! ಆ ಲೈವ್ ಓಡುವುದು ಒಬಿಎಸ್ ಎಂಬ ರೆಕಾರ್ಡಿಂಗ್, ಲೈವ್ ತಂತ್ರಾಂಶದಲ್ಲಿ. ಒಬಿಎಸ್‌ನ ಒಳಗಿರುವುದು ವಿಡಿಯೊ ಕುಗ್ಗಿಸುವ ಮುಕ್ತ ತಂತ್ರಾಂಶಗಳಾದ ಎಫ್‌ಎಫ್‌ಎಂಪೆಗ್, ಎಕ್ಸ್264. ಎಫ್‌ಎಫ್‌ಎಂಪೆಗ್ ಎಂದರೆ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರು ಮಾಡಿ, ಬಳಿಕ ಎಷ್ಟೋ ಮಂದಿ ಕೈಜೋಡಿಸಿ ಬೆಳೆಸಿದ ಕೆಲಸ. ಫುಲ್ ಎಚ್‌ಡಿಯ ಒಂದು ಫ್ರೇಮ್ ಕುಗ್ಗಿಸದೆ ಇಟ್ಟರೆ ಸುಮಾರು 3 ಎಂಬಿ. ಸೆಕೆಂಡಿಗೆ 30 ಫ್ರೇಮ್, 90 ಎಂಬಿ ದಾಟಿತು. ಅದನ್ನು ಅರ್ಧ ಎಂಬಿಗೆ ಇಳಿಸಿಯೂ ಅಧ್ಯಕ್ಷರ ಮೀಸೆ ಕಾಣುವಂತೆ ಮಾಡಿದವರ ಪೈಕಿ ಒಬ್ಬರು ವೇದಿಕೆಯಲ್ಲೇ ಕೂತಿದ್ದಾರೆ. ಅಧ್ಯಕ್ಷರು ಬಗ್ಗಿ ಕೇಳುತ್ತಾರೆ: “ನಿಮ್ಮದು ಯಾವ ಕಂಪೆನಿ?”

ಸ್ವಾಗತ, ಪ್ರಾಸ್ತಾವಿಕ, ಸಂದೇಶ ವಾಚನ ಮುಗಿಯುವಾಗ 40 ನಿಮಿಷದ ಉಪನ್ಯಾಸಕ್ಕೆ ಉಳಿಯುವುದು 7. ಮುಕ್ತ ತಂತ್ರಾಂಶವೇ ನಾಡಿನ ಬೆನ್ನೆಲುಬು ಎಂದು ಘೋಷಿಸುವ ಗಣ್ಯರಿಗೆ, 2022ರಲ್ಲಿ ಇಂಥದ್ದೇ ಮುಕ್ತ ವಿಡಿಯೊ ಪ್ಲೇಯರ್ ವಿಎಲ್‌ಸಿಯ ಜಾಲತಾಣ ಈ ದೇಶದಲ್ಲಿ ತಿಂಗಳುಗಟ್ಟಲೆ ತೆರೆಯುತ್ತಿರಲಿಲ್ಲ, ನವೆಂಬರಿನಲ್ಲಷ್ಟೇ ತಡೆ ತೆರವಾಯಿತು ಎಂಬುದು ಗೊತ್ತಿರಬೇಕೆಂದೇನೂ ಇಲ್ಲ.

ಇತ್ತ ಹಾಲ್‌ನ ವೈಫೈ ಅಪ್‌ಲೋಡ್ 4 ಎಂಬಿಪಿಎಸ್, ಬಿಟ್‌ರೇಟ್ (ಲೈವಿಗೆ ಸೆಕೆಂಡಿಗೆ ಕಳಿಸುವ ಡೇಟಾ) ಇಟ್ಟದ್ದು 6000 ಕೆಬಿಪಿಎಸ್, ಎಂದರೆ 6 ಎಂಬಿಪಿಎಸ್, ಸಭಿಕರೆಲ್ಲರ ಮೊಬೈಲೂ ಅದೇ ವೈಫೈಯಲ್ಲಿ. ಚಿತ್ರ ನಿಂತು ನಿಂತು ಹೋಗದೆ ಇನ್ನೇನು? ಸಭಿಕರನ್ನು ಅದರಿಂದ ಇಳಿಸಿ, ಚಿತ್ರದ ಗಾತ್ರ 720ಪಿಗೆ ಇಳಿಸಿ, ಬಿಟ್‌ರೇಟ್ 2500, ಕೀಫ್ರೇಮ್ (ಪೂರ್ತಿಯಾಗಿ ಕಳಿಸುವ ಚಿತ್ರ) 2 ಸೆಕೆಂಡಿಗೊಂದು ಇಟ್ಟಿದ್ದರೆ ಸಾಕಿತ್ತು. ಧ್ವನಿಯ ಕತೆ ಬೇರೆ. ಮಿಕ್ಸರಿನ ಲೈನ್ ಔಟನ್ನು ನೇರ ಕ್ಯಾಮರಾದ ಮೈಕ್ ತೂತಿಗೆ ಚುಚ್ಚಿದ್ದಾರೆ. ಮಿಕ್ಸರಿನಿಂದ ಬರುವ ಸಿಗ್ನಲ್ಲಾದ ಲೈನ್ ಲೆವೆಲ್, ಮೈಕ್ ಲೆವೆಲ್ಲಿಗಿಂತ ಎಷ್ಟೋ ಪಾಲು ಜೋರು, ಮಾತೆಲ್ಲ ಒಡೆದು ಗರಗರ.

ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಜನರೇಟರ್ ಏಳುವ ತನಕ ಸುಧಾರಿಸಲು ಯುಪಿಎಸ್ ಉಂಟು. ಅದಕ್ಕೆ ಸಿಕ್ಕಿಸಿದ್ದು ವೇದಿಕೆಯ ಬಣ್ಣದ ಬಲ್ಬುಗಳನ್ನು. ರೆಕಾರ್ಡ್ ಮಾಡುತ್ತಿದ್ದ ಕಂಪ್ಯೂಟರ್ ಸ್ಟಾಪ್ ಒತ್ತುವ ಮೊದಲೇ ಆರಿತು. ಮಾಮೂಲಿ ಎಂಪಿ4 ಫೈಲಿನ ಸೂಚಿ, ಮೂವ್ ಆಟಂ ಎನ್ನುತ್ತಾರಲ್ಲ, ಅದು ಕೂಡಿಕೊಳ್ಳುವುದೇ ಸ್ಟಾಪ್ ಒತ್ತಿದಾಗ. ಅದಿಲ್ಲದೆ ಇಡೀ ದಿನದ ರೆಕಾರ್ಡಿಂಗ್ ತೆರೆಯುವುದೇ ಇಲ್ಲ. ಬಯಲಾಟವನ್ನು ಬೆಳಗಿನ ತನಕ ಲೈವ್ ಮಾಡುವ ಹುಡುಗರನ್ನು ಕೇಳಿದ್ದರೆ ಹೇಳುತ್ತಿದ್ದರು: ಅರ್ಧಕ್ಕೆ ನಿಂತರೂ ತೆರೆಯುವ ಎಂಕೆವಿ ಫೈಲಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಎಫ್‌ಎಫ್‌ಎಂಪೆಗ್‌ನಲ್ಲಿ ‘ಸಿ ಕಾಪಿ’ ಎಂಬ ಆದೇಶ ಕೊಟ್ಟು ಎಂಪಿ4 ಮಾಡಿಕೊಳ್ಳಿ. ಮತ್ತೆ ಎನ್‌ಕೋಡ್ ಮಾಡುವ, ಎಂದರೆ ಹೊಸದಾಗಿ ಕುಗ್ಗಿಸುವ ಕೆಲಸವಿಲ್ಲ, ಗುಣಮಟ್ಟವೂ ಕೆಡದು. ಆದರೆ ಆ ಹುಡುಗರಿಗೆ ಆಮಂತ್ರಣ ಪತ್ರಿಕೆಯಲ್ಲಿ ಜಾಗವಿಲ್ಲ.

ಊಟದ ಸಾಲಿನಲ್ಲಿ ಕಾರ್ಯದರ್ಶಿಗಳು ಅತಿಥಿಯ ಬಳಿ ಬಂದು ಪೆನ್‌ಡ್ರೈವ್ ಚಾಚುತ್ತಾರೆ. “ಸರ್, ಆ ದುಬಾರಿ ಎಡಿಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್ ಉಂಟಾ, ದುಡ್ಡು ಕೊಡದೆ ಓಡುವಂಥದ್ದು? ಒಂದು ಹಾಕಿ ಕೊಡಿ ಮಾರಾಯ್ರೆ.”