ಹೊಗೆ ಕಾಣುತ್ತಲ್ಲ, ಅದೇ ಊರು

ಕ್ಯಾನ್ಸಸ್ ಅಂದರೆ ಇಲ್ಲಿನ ನಮ್ಮ ಕನ್ನಡದ ಗೆಳೆಯರಿಗೆಲ್ಲ ಒಂದೇ ಅಭಿಪ್ರಾಯ. ಡೆನ್ವರ್‌ಗೆ ಹೋಗುವಾಗ ಅಡ್ಡ ಸಿಗುವ ರಾಜ್ಯ. ರಾತ್ರಿ ಹೊತ್ತು ದಾಟಿಬಿಡಿ, ನೋಡೋಕೆ ಏನೂ ಇಲ್ಲ ಅಂತಾರೆ. ಒಂಬತ್ತು ವರ್ಷ ನಾನೂ ಹಾಗೇ ದಾಟಿದೆ. ಹೋದ ಮೇ ತಿಂಗಳಲ್ಲಿ ಮಾತ್ರ ವಾಕೀನಿ ಹತ್ತಿರ ಐ-70 ಹೆದ್ದಾರಿ ಬಿಟ್ಟು ಉತ್ತರಕ್ಕೆ ತಿರುಗಿದೆ. ಹಿಲ್ ಸಿಟಿ ಮುಟ್ಟಿ, ಅಲ್ಲಿಂದ ಹೆದ್ದಾರಿ 24 ಹಿಡಿದು ಪೂರ್ವಕ್ಕೆ ಹನ್ನೆರಡು ಮೈಲಿ ಹೋದರೆ ನಿಕೋಡೆಮಸ್.

"ಊರು ಬಂತು" ಅಂತ ಕಾರು ನಿಧಾನ ಮಾಡಿದೆ. ಹಿಂದೆ ಕೂತಿದ್ದ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು ಅತ್ತ ಇತ್ತ ನೋಡಿದಳು. "ಎಲ್ಲಪ್ಪಾ ಊರು?"

ಕೇಳಿದ್ದು ತಪ್ಪೇನಲ್ಲ. ಸುಣ್ಣಕಲ್ಲಿನ ಒಂದು ಟೌನ್‌ಶಿಪ್ ಹಾಲ್, ಎರಡು ಹಳೇ ಚರ್ಚು, ಮುಚ್ಚಿದ ಶಾಲೆ, ಒಂದು ಕಾಲದ ಹೋಟೆಲ್ಲು, ಅಲ್ಲೊಂದು ಇಲ್ಲೊಂದು ಮನೆ. ಜನ ಇಪ್ಪತ್ತರ ಆಸುಪಾಸು. ಒಂದು ಟೀ ಅಂಗಡಿ ಬೇಡ, ಪೆಟ್ರೋಲ್ ಬಂಕ್ ಕೂಡ ಇಲ್ಲ. ಸುತ್ತಲೂ ಗೋಧಿ ಹೊಲ. ಗಾಳಿ ಬೀಸುವ ರಭಸಕ್ಕೆ ಕಾರಿನ ಬಾಗಿಲು ತೆಗೆಯಲು ನನ್ನ ಹೆಂಡತಿ ಭುಜ ಕೊಟ್ಟು ತಳ್ಳಬೇಕಾಯಿತು.

ಆಮೇಲೆ ಹಾಲ್ ಒಳಗೆ ಹೋದಾಗ ಗೊತ್ತಾಯಿತು, ಮಗಳ ಪ್ರಶ್ನೆ ಹೊಸದಲ್ಲ. 1878ರಲ್ಲಿ ಕೆಂಟಕಿಯಿಂದ ಬಂದ ವಿಲಿಯಾನಾ ಹಿಕ್‌ಮನ್ ಎಂಬಾಕೆ ಇದನ್ನೇ ಕೇಳಿದ್ದರು. ರೈಲು ಎಲ್ಲಿಸ್ ತನಕ ಮಾತ್ರ. ಅಲ್ಲಿಂದ ಮೂವತ್ತು ಮೈಲಿಗೂ ಜಾಸ್ತಿ ದೂರ, ರಸ್ತೆ ಇಲ್ಲದ ಬಯಲಿನಲ್ಲಿ ದಿಕ್ಸೂಚಿ ಹಿಡಿದು ಎರಡು ದಿನದ ದಾರಿ. ಕೊನೆಗೆ ಗಂಡಸರು "ಅದೋ ನಿಕೋಡೆಮಸ್" ಅಂತ ಕೂಗಿದರು. ಈಕೆಗೆ ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಏನೂ ಕಾಣಲಿಲ್ಲ. ಎಲ್ಲಿ ಅಂದರೆ, ನೆಲದಿಂದ ಏಳುತ್ತಿದ್ದ ಹೊಗೆ ತೋರಿಸಿದರು. ಜನ ನೆಲ ಬಗೆದು ಗುಂಡಿಮನೆ ಮಾಡಿಕೊಂಡಿದ್ದರು, ಒಲೆಯ ಹೊಗೆ ಮಾತ್ರ ಮೇಲೆ ಬರುತ್ತಿತ್ತು. ನೋಡಿ ಅತ್ತುಬಿಟ್ಟೆ ಎಂದು ಆಕೆಯೇ ಹೇಳಿಕೊಂಡಿದ್ದಾರೆ.

ಇವರೆಲ್ಲ ಯಾರು ಅಂದರೆ, ಸ್ವಲ್ಪ ವರ್ಷಗಳ ಹಿಂದಿನವರೆಗೆ ಕೆಂಟಕಿಯಲ್ಲಿ ಗುಲಾಮರಾಗಿದ್ದವರು. ಅಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದದ್ದೇ 1865ರ ಡಿಸೆಂಬರಿನಲ್ಲಿ. ಬಿಡುಗಡೆ ಸಿಕ್ಕಿತು, ಜಮೀನು ಸಿಗಲಿಲ್ಲ. 1877ರಲ್ಲಿ ಲೆಕ್ಸಿಂಗ್‌ಟನ್ ಊರಲ್ಲಿ ಕರಪತ್ರ ಹಂಚಿದರು: ಕ್ಯಾನ್ಸಸ್‌ಗೆ ಹೋಗಬೇಕೆನ್ನುವ ಕಪ್ಪು ಜನರೆಲ್ಲ ಸೆಪ್ಟೆಂಬರ್ 5ಕ್ಕೆ 5 ಡಾಲರ್ ಕೊಟ್ಟು ಹೊರಡಬಹುದು. ಇದರ ಹಿಂದೆ ಕಪ್ಪು ಪಾದ್ರಿಗಳೂ ಇದ್ದರು, ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಭೂವ್ಯಾಪಾರಿಯೂ ಇದ್ದ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಸೈಟ್ ಬ್ರೋಕರ್. ಬ್ರೋಶರ್‌ನಲ್ಲಿ ಒಂದು, ಜಾಗದಲ್ಲಿ ಇನ್ನೊಂದು ಅನ್ನೋದು ಆಗಲೂ ಇತ್ತು. ಆ ಸೆಪ್ಟೆಂಬರಿನಲ್ಲಿ ಮುನ್ನೂರರಷ್ಟು ಜನ ಬಂದಿಳಿದರು. ಬೋಳು ಬಯಲು ನೋಡಿ ಹಲವು ಕುಟುಂಬಗಳು ಹಾಗೇ ವಾಪಸ್ ಹೋದವು.

ಉಳಿದವರ ಮೊದಲ ಚಳಿಗಾಲ ಹೇಗಿತ್ತು ಅಂತ ಯೋಚಿಸಿದರೇ ಮೈ ನಡುಗುತ್ತೆ. ಮರ ಅಂದರೆ ಸಾಲೊಮನ್ ನದಿಯ ದಂಡೆಯಲ್ಲಿ ಇದ್ದಷ್ಟೇ. ಒಲೆಗೆ ಸೂರ್ಯಕಾಂತಿ ಕಡ್ಡಿ, ಕಾಡೆಮ್ಮೆಯ ಒಣ ಸಗಣಿ. ಬೆರಣಿ ಅಂತಲೇ ಅಂದುಕೊಳ್ಳಿ. ಉಳಲು ಎತ್ತು ಕುದುರೆ ಇದ್ದವರು ಕೆಲವರೇ, ಉಳಿದವರದು ಗುದ್ದಲಿ ಸನಿಕೆ. ಆ ಚಳಿಗಾಲ ಬೇಟೆ ಮುಗಿಸಿ ಹೋಗುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಜನ ತಮ್ಮ ಮಾಂಸದಲ್ಲಿ ಪಾಲು ಕೊಟ್ಟು ಉಳಿಸಿದರು ಎಂದು ಊರಿನವರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಇದನ್ನು ಓದಿದಾಗ ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಯಾಕೆಂದರೆ ಈ ಓಸೇಜ್ ಜನರನ್ನೇ ಕೆಲವೇ ವರ್ಷ ಮೊದಲು ಕ್ಯಾನ್ಸಸ್‌ನಿಂದ ಎಬ್ಬಿಸಿ ಈಗಿನ ಓಕ್ಲಹೋಮಾಗೆ ಅಟ್ಟಿದ್ದರು. ಸರ್ಕಾರ ಹಂಚುತ್ತಿದ್ದ ಪುಕ್ಕಟೆ ಜಮೀನು ಯಾರಿಂದ ಕಿತ್ತುಕೊಂಡದ್ದು ಅನ್ನೋ ಮಾತು ಆ ಕರಪತ್ರದಲ್ಲಿ ಬರುವ ಹಾಗೇ ಇರಲಿಲ್ಲ.

ಹತ್ತು ವರ್ಷದಲ್ಲಿ ಊರು ಎದ್ದು ನಿಂತಿತು. ಚರ್ಚು, ಶಾಲೆ, ಹೋಟೆಲ್ಲು, ಬ್ಯಾಂಕು, ಬೇಸ್‌ಬಾಲ್ ತಂಡ. ಅಷ್ಟು ಚಿಕ್ಕ ಊರಿಗೆ ಎರಡು ಪತ್ರಿಕೆ! ಅದರಲ್ಲಿ ಒಂದರ ಹೆಸರು 'ವೆಸ್ಟರ್ನ್ ಸೈಕ್ಲೋನ್'. ಸುಂಟರಗಾಳಿ ಎಬ್ಬಿಸುವ ಸೀಮೆಯಲ್ಲಿ ಆ ಹೆಸರಿಡಲು ಧೈರ್ಯ ಬೇಕು. ಇದೇ ಊರಿನ ಎಡ್ವರ್ಡ್ ಮೆಕೇಬ್ 1882ರಲ್ಲಿ ಇಡೀ ಕ್ಯಾನ್ಸಸ್ ರಾಜ್ಯದ ಲೆಕ್ಕ ತಪಾಸಣಾಧಿಕಾರಿಯಾಗಿ ಚುನಾವಣೆ ಗೆದ್ದರು.

ಆಮೇಲೆ ರೈಲಿನ ಕತೆ. ಹಳಿ ಇತ್ತ ಬರಲಿ ಅಂತ ಊರಿನವರು 1887ರಲ್ಲಿ 16,000 ಡಾಲರ್ ಬಾಂಡ್‌ಗೆ ಮತ ಹಾಕಿ ಒಪ್ಪಿದರು. ಆದರೂ ರೈಲು ಬರಲಿಲ್ಲ. 1888ರಲ್ಲಿ ಹಳಿ ನದಿಯ ಆ ಕಡೆ ಹೋಯಿತು, ಕೆಲವೇ ಮೈಲಿ ದೂರ. ಅಲ್ಲಿ ಬೋಗ್ ಅಂತ ಊರು ಹುಟ್ಟಿತು, ನಿಕೋಡೆಮಸ್‌ನ ವ್ಯಾಪಾರಸ್ಥರು ಅಂಗಡಿ ಎತ್ತಿಕೊಂಡು ಅಲ್ಲಿಗೆ ನಡೆದರು.

ಈ ಊರಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ರೈಲು ತಪ್ಪಿತು, ಊರು ಸತ್ತಿತು, ಅಯ್ಯೋ ಪಾಪ. ನನ್ನ ತಕರಾರು ಇರೋದು ಇಲ್ಲೇ. ರೈಲು ತಪ್ಪಿದ ಮೇಲೂ ಈ ಊರು ಉಳಿದಿದೆ, 135 ವರ್ಷದ ಮೇಲಾಯಿತು. ಪಶ್ಚಿಮದಲ್ಲಿ ಕಪ್ಪು ಜನ ಆ ಕಾಲದಲ್ಲಿ ಕಟ್ಟಿದ ಬೇರೆ ಊರುಗಳೆಲ್ಲ ಅಳಿಸಿಹೋಗಿ, ಉಳಿದಿರುವುದು ಇದೊಂದೇ. ಹೇಗೆ ಉಳಿಯಿತು? ಹೋದದ್ದು ಅಂಗಡಿಯವರು, ಉಳಿದದ್ದು ರೈತರು. ಸರ್ಕಾರ ಕೊಟ್ಟ 160 ಎಕರೆ, ಸ್ವಂತ ಹೆಸರಿನಲ್ಲಿ. ಒಂದು ಕಾಲದಲ್ಲಿ ಯಜಮಾನನ ಆಸ್ತಿ ಪಟ್ಟಿಯಲ್ಲಿ ದನಕರುಗಳ ಜೊತೆ ತನ್ನ ಹೆಸರಿದ್ದವನು ಈಗ ಪತ್ರದಲ್ಲಿ ಮಾಲೀಕ. ಅವನು ರೈಲಿಗೋಸ್ಕರ ಆ ಪತ್ರ ಬಿಟ್ಟು ಹೋಗ್ತಾನಾ?

ಹಾಗಾಗಿ ನನ್ನ ಲೆಕ್ಕದಲ್ಲಿ ಊರು ಸೊರಗಿದ್ದು ಹಳಿಯಿಂದ ಅಲ್ಲ, ಜಮೀನು ಕೈಬಿಟ್ಟಾಗ. ಇದು 100ನೇ ರೇಖಾಂಶದಿಂದ, ಅಂದರೆ ಅಮೆರಿಕದ ಒಣ ಸೀಮೆ ಶುರುವಾಗುವ ಗೆರೆಯಿಂದ, ಬರೀ ಇಪ್ಪತ್ತು ಮೈಲಿ ಈಚೆ ಇರುವ ಜಾಗ. ವರ್ಷಕ್ಕೆ ಇಪ್ಪತ್ತು ಇಂಚಿನ ಆಸುಪಾಸು ಮಳೆ, ಅದೂ ಬಂದರೆ ಬಂತು. 1930ರ ದಶಕದ ಬರ ಮತ್ತು ಧೂಳಿನಲ್ಲಿ ಎಷ್ಟೋ ಮನೆಗಳು ಖಾಲಿಯಾದವು. 1953ರಲ್ಲಿ ಪೋಸ್ಟ್ ಆಫೀಸ್ ಮುಚ್ಚಿತು. ಟ್ರ್ಯಾಕ್ಟರ್ ದೊಡ್ಡದಾದಷ್ಟೂ ಸಣ್ಣ ಹಿಡುವಳಿ ಲಾಭ ಕೊಡಲ್ಲ, ಸಾಲ ಬೇಕೇ ಬೇಕು. ಸಾಲ ಕೊಡುವಲ್ಲಿ ಮೈಬಣ್ಣ ನೋಡಿದರು ಅಂತ ದೇಶದ ಕಪ್ಪು ರೈತರು ಕೃಷಿ ಇಲಾಖೆಯ ಮೇಲೆ ಹೂಡಿದ ಮೊಕದ್ದಮೆ ರಾಜಿಯಾದದ್ದು 1999ರಲ್ಲಿ. ಅಷ್ಟೊತ್ತಿಗೆ ಮಕ್ಕಳು ಡೆನ್ವರ್, ಟೊಪೀಕ ಸೇರಿಯಾಗಿತ್ತು. ರೈಲಿನ ಕತೆ ಚೆನ್ನಾಗಿದೆ ನಿಜ, ಹಳಿಯ ಮೇಲೆ ತಪ್ಪು ಹೊರಿಸಿದರೆ ಯಾರಿಗೂ ಬೇಜಾರಿಲ್ಲ ನೋಡಿ.

ನಾವು ಹೊರಗೆ ಬಂದು ಹಳೇ ಹೋಟೆಲ್ ಮುಂದೆ ನಿಂತಿದ್ದಾಗ ಒಂದು ಪಿಕಪ್ ಹಾದು ಹೋಯಿತು. ಓಡಿಸುತ್ತಿದ್ದ ಅಜ್ಜ ಸ್ಟೀರಿಂಗ್ ಮೇಲಿಟ್ಟ ಕೈ ತೆಗೆಯದೆ, ತೋರುಬೆರಳೊಂದನ್ನೇ ಎತ್ತಿ ಇಳಿಸಿದರು. ಈ ಸೀಮೆಯ ನಮಸ್ಕಾರ ಅದು. ಮಗಳಿಗೆ ಅದು ಎಷ್ಟು ಹಿಡಿಸಿತು ಅಂದರೆ, ವಾಪಸ್ ಬರುವಾಗ ಎದುರು ಬಂದ ಪ್ರತಿ ಗಾಡಿಗೂ ಬೆರಳು ಎತ್ತುತ್ತಿದ್ದಳು. ಹಿಂದಿನ ಸೀಟಿನಿಂದ ಯಾರಿಗೆ ಕಾಣುತ್ತೆ, ಪಾಪ.

ಪ್ರತಿ ಜುಲೈ ಕೊನೆಯ ವಾರಾಂತ್ಯದಲ್ಲಿ ಇಲ್ಲಿ ಹೋಮ್‌ಕಮಿಂಗ್ ನಡೆಯುತ್ತದೆ. 1878ರಲ್ಲಿ ಬಿಡುಗಡೆಯ ಹಬ್ಬವಾಗಿ ಶುರುವಾದದ್ದು. ದೂರದೂರಿಂದ ಮೊಮ್ಮಕ್ಕಳು, ಮರಿಮಕ್ಕಳು ನೂರಾರು ಜನ ಬರುತ್ತಾರೆ. ಮೆರವಣಿಗೆ, ಊಟ, ಚರ್ಚಿನ ಹಾಡು. ಊರಹಬ್ಬಕ್ಕೆ ಬಂದ ನಮ್ಮವರ ಹಾಗೆ ಅವರೂ 'ನೀನು ಯಾರ ಮನೆಯವನು' ಅಂತಲೇ ಕೇಳುತ್ತಾರೇನೋ.

ಈ ಸಲ ಹೋಗೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಊರಲ್ಲಿ ಉಳಿಯಲು ಜಾಗ ಇಲ್ಲ. ರೂಮು ಬೇಕೆಂದರೆ ಹಿಲ್ ಸಿಟಿಗೇ ಹೋಗಬೇಕು. ಆ ಹಿಲ್ ಯಾರು ಗೊತ್ತಲ್ವಾ? ಅದೇ ನಮ್ಮ ಸೈಟ್ ಬ್ರೋಕರ್.